ಅಪ್ಪನಿಗೆ ತಾರೀಖಿತ್ತು, ಅವ್ವನಿಗೆ ಇರಲಿಲ್ಲ

ತಿಂಗಳಿಗೊಂದು ಶನಿವಾರ ಮಧ್ಯಾಹ್ನದಿಂದ ನಮ್ಮ ಮನೆಯ ಒಲೆಯ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಮರುದಿನ ಕಲಬುರಗಿಯಿಂದ ಪಾದ್ರಿ ಅಯ್ಯನವರು ಬಂದು ಪ್ರಭುಭೋಜನ ಕೊಡುತ್ತಿದ್ದರು. ಯೇಸುಸ್ವಾಮಿಯ ಶರೀರವೆಂದು ಮುರಿದು ಹಂಚುವ ಆ ರೊಟ್ಟಿಯನ್ನು ಮಾಡಿಕೊಡುವವಳು ನಮ್ಮವ್ವ. ಮನೆ ಅಂದರೆ ಕಮಲಾಪುರದ ನಮ್ಮ ಓಣಿಯಲ್ಲಿ ಎರಡು ಖೋಲಿ. ಹೊರಗಿನ ಖೋಲಿಗೆ ಅಪ್ಪ ರಸ್ತೆ ಕೆಲಸದಿಂದ ತಂದ ಒಡಕು ಫರಸಿ ಕಲ್ಲು, ಒಳಗಿನದಕ್ಕೆ ಮಣ್ಣಿನ ನೆಲ. ಒಲೆ ಒಳಗೆ. ಅವ್ವ ಅಂದು ತಲೆಯ ಮೇಲೆ ನೀರು ಹಾಕಿಕೊಂಡು, ಒಲೆಗೆ ಕೆಮ್ಮಣ್ಣು ಸಾರಿಸಿ, ಹಂಚಿಗೆ ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಸಭೆಯವರು ಕೊಟ್ಟ ಗೋಧಿಯನ್ನು ಮೊರದಲ್ಲಿ ಹಸನು ಮಾಡಿ, ತಾನೇ ಬೀಸಿ, ಉಪ್ಪು ಹಾಕದೆ ನಾದುತ್ತಿದ್ದಳು. ನಾದುವಾಗ ಮಾತಿಲ್ಲ. ನಾವು ಏನಾದರೂ ಕೇಳಿದರೆ ಮೊಣಕೈಯಿಂದ ತಿವಿಯುವುದೇ ಉತ್ತರ. ವರ್ಷವಿಡೀ ಜೋಳದ ರೊಟ್ಟಿ ತಿನ್ನುವ ಮಕ್ಕಳು ನಾವು. ಗೋಧಿಯ ವಾಸನೆಗೆ ನನ್ನ ತಮ್ಮ ಮೋಶೆ ಹೊಸ್ತಿಲಲ್ಲಿ ಕೂತು ಅಳುತ್ತಿದ್ದ. ಬೆರಳಿಗೆ ಅಂಟಿದ ಹಿಟ್ಟನ್ನೂ ಅವ್ವ ನೆಕ್ಕಲು ಕೊಡುತ್ತಿರಲಿಲ್ಲ, ಕೆರೆದು ಕಣಕಕ್ಕೇ ಸೇರಿಸುತ್ತಿದ್ದಳು. ಇಷ್ಟು ಮಡಿ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ತವರಿನಲ್ಲಿ ಮರಗಮ್ಮನಿಗೆ ಎಡೆ ಮಾಡಿ ರೂಢಿಯಾದ ಕೈ ಅದು. ದೇವರು ಬದಲಾದರೂ ಕೈ ಬದಲಾಗಲಿಲ್ಲ. ವಾರವಾರದ ಪ್ರಾರ್ಥನೆ ನಡೆಸುತ್ತಿದ್ದ ಉಪದೇಶಿ ಸಮುವೇಲಪ್ಪನಿಗೆ ಇದು ಗೊತ್ತಿತ್ತು. ಹಳೆಯ ದೇವರ ರೂಢಿಯನ್ನೆಲ್ಲ ಬಿಡಿ ಎಂದು ಓಣಿಗೆಲ್ಲ ಬೋಧಿಸುತ್ತಿದ್ದವನು ಅವ್ವನಿಗೆ ಮಾತ್ರ ಏನೂ ಹೇಳಲಿಲ್ಲ. ರೊಟ್ಟಿ ಚಲೋ ಆಗುತ್ತಿತ್ತಲ್ಲ.

ಅವ್ವ ಓಣಿಯ ಪ್ರಾರ್ಥನಾಲಯಕ್ಕೆ ಅಪ್ಪನಿಗಿಂತ ಎಷ್ಟೋ ಮುಂಚೆ ಹೋಗತೊಡಗಿದವಳು. ಯಾಕೆ ಹೋದಳು ಎಂಬುದಕ್ಕೆ ದೊಡ್ಡ ಕಥೆ ಏನಿಲ್ಲ. ಉಪದೇಶಿಯ ಹೆಂಡತಿ ಓಣಿಯ ಹೆಂಗಸರನ್ನು ಕೂಡಿಸಿಕೊಂಡು, ತೊಗರಿ ಹಸನು ಮಾಡುತ್ತ ಹಾಡು ಹೇಳಿಕೊಡುತ್ತಿದ್ದಳು. ನನಗೆ ನಾಲ್ಕು ಅಕ್ಷರ ಕಲಿಸಿದವಳೂ ಅವಳೇ, ಅದರಲ್ಲೇ ಇದನ್ನು ಬರೆಯುತ್ತಿದ್ದೇನೆ. ಅಲ್ಲಿ ನೆರಳಿತ್ತು. ಅಲ್ಲಿ ಹೊಡೆಯುವವರು ಇರಲಿಲ್ಲ. ಅವ್ವ ಮೊದಲು ನೆರಳಿಗೆ ಹೋದಳು, ಆಮೇಲೆ ಹಾಡಿಗೆ ಹೋದಳು, ಆಮೇಲೆ ಯಾವಾಗಲೋ ಪ್ರಾರ್ಥನೆಗೆ ಹೋದಳು. ಬರಬರುತ್ತ ಹೊಲದಲ್ಲಿ ಕಳೆ ಕೀಳುವಾಗಲೂ ಅವಳ ತುಟಿ ಅಲ್ಲಾಡುತ್ತಿತ್ತು. ಯಾರ ಜೊತೆ ಮಾತಾಡುತ್ತೀ ಎಂದು ಕೇಳಿದರೆ, ಕೇಳುವವನ ಜೊತೆ ಎನ್ನುತ್ತಿದ್ದಳು. ಒಂದು ಕ್ರಿಸ್‌ಮಸ್ಸಿಗೆ ನಮ್ಮಿಬ್ಬರನ್ನೂ ಎಳೆದುಕೊಂಡು ಹೋಗಿ ದೀಕ್ಷಾಸ್ನಾನ ಮಾಡಿಸಿದಳು, ತಾನೂ ಮಾಡಿಸಿಕೊಂಡಳು. ರಾಹೇಲವ್ವ ಎಂಬ ಹೆಸರು ಅಂದು ಬಂದದ್ದು. ಮನೆಗೆ ಬಂದ ಮೇಲೆ ಅಪ್ಪ ಆ ಹೆಸರು ಹಿಡಿದು ಕರೆದು ಕರೆದು ಹೊಡೆದ.

ಅಪ್ಪ ರಸ್ತೆ ಗ್ಯಾಂಗಿನಲ್ಲಿ ಕೂಲಿ. ದಿನವೆಲ್ಲ ಬಿಸಿಲಲ್ಲಿ ಡಾಂಬರು ಸುರಿದವನು ಸಂಜೆ ಸೀದಾ ಶೇಂದಿ ಅಂಗಡಿಗೆ ಹೋಗುತ್ತಿದ್ದ. ಮನೆಗೆ ಬಂದು ತಾಟಿನ ಮುಂದೆ ಕೂತರೆ ಜಗಳ. ಪಲ್ಯೆಗೆ ಖಾರ ಹೆಚ್ಚಾದರೂ ಏಟು, ಕಡಿಮೆಯಾದರೂ ಏಟು. ನಾನೂ ಮೋಶೆಯೂ ಅವನು ಬರುವುದರೊಳಗೆ ನುಂಗಿ ಏಳುವುದನ್ನು ಕಲಿತೆವು. ಇವತ್ತಿಗೂ ನಾನು ಅಗಿಯದೆ ನುಂಗುತ್ತೇನೆ, ಸೊಸೆ ಬೈಯುತ್ತಾಳೆ. ಒಂದು ಸಲ ಜೋಳದ ಸುಗ್ಗಿಗೆ ನಮ್ಮಿಬ್ಬರನ್ನೂ ಅಜ್ಜಿ ಮಹಾಗಾಂವಿಗೆ ಕರೆದುಕೊಂಡು ಹೋಗಿದ್ದಳು. ಹದಿನೈದು ದಿನ ಬಿಟ್ಟು ತಿರುಗಿ ಬಂದರೆ ಮನೆಯಲ್ಲಿ ಬೇರೆ ಅಪ್ಪ ಇದ್ದ. ಕಲಬುರಗಿಯ ಮೈದಾನದಲ್ಲಿ ಮೂರು ದಿನ ಹಾಡು, ಪ್ರಸಂಗದ ಉಜ್ಜೀವನ ಕೂಟ ನಡೆದಿತ್ತಂತೆ. ಕಡೆಯ ದಿನ ಊಟ ಹಾಕುತ್ತಾರೆಂದು ಗ್ಯಾಂಗಿನ ಗೆಳೆಯನೊಬ್ಬ ಅಪ್ಪನನ್ನೂ ಕರೆದೊಯ್ದಿದ್ದ. ಅಲ್ಲಿ ಹಾಡು ಕೇಳುತ್ತ ಕೇಳುತ್ತ ಅಪ್ಪ ನೆಲಕ್ಕೆ ಬಿದ್ದು ಅತ್ತನಂತೆ, ಎದ್ದಾಗ ಹೊಸ ಮನುಷ್ಯನಾಗಿದ್ದನಂತೆ. ಮಾರನೆಯ ದಿನ ಶೇಂದಿಯ ಮಡಕೆಯನ್ನು ಓಣಿಯ ನಡುವೆ ಒಡೆದ. ಸುಳ್ಳು ಹೇಳುವುದಿಲ್ಲ, ಅಂದಿನಿಂದ ಸಾಯುವವರೆಗೆ ಅವನು ಕುಡಿಯಲಿಲ್ಲ, ಕೈ ಎತ್ತಲಿಲ್ಲ. ದೇವರು ಮಾಡಿದ್ದು ಎಂದರೆ ನಾನು ಅಲ್ಲ ಎನ್ನುವುದಿಲ್ಲ. ನನ್ನ ಸಿಟ್ಟು ಅದರ ಮೇಲಲ್ಲ, ಆಮೇಲೆ ನಡೆದದ್ದರ ಮೇಲೆ. ನಾವು ಬಂದಾಗ ಅವ್ವನ ಹಣೆಗೆ ಅರಿಬಿ ಕಟ್ಟಿತ್ತು. ಏನಾಯಿತು ಎಂದರೆ ಬಾಗಿಲ ಚೌಕಟ್ಟು ಬಡಿಯಿತು ಎಂದಳು. ಮನೆಯಲ್ಲಿ ಎಲ್ಲರೂ ನಗುತ್ತಿದ್ದ ಹೊತ್ತು ಅದು, ನಾನು ಹೆಚ್ಚು ಕೇಳಲಿಲ್ಲ.

ಆಮೇಲೆ ಅಪ್ಪನ ಸಾಕ್ಷಿ ಶುರುವಾಯಿತು. ದೇವರು ನನ್ನನ್ನು ಹೀಗೆ ಹಿಡಿದು ತಂದ ಎಂದು ಜನರ ಮುಂದೆ ನಿಂತು ಹೇಳುವುದಕ್ಕೆ ಸಾಕ್ಷಿ ಅನ್ನುತ್ತಾರೆ. ಅಪ್ಪನಿಗೆ ಅದು ಬಹಳ ಚೆನ್ನಾಗಿ ಬರುತ್ತಿತ್ತು. ಗ್ಯಾಂಗಿನಲ್ಲಿ ಕಲ್ಲು ಎತ್ತುವಾಗ ಕೂಗಿ ಕೂಗಿ ಗಂಟಲು ತಯಾರಾಗಿತ್ತು. ಮಹಾಗಾಂವಿಗೆ ಕರೆದರು, ಕಪನೂರಿಗೆ ಕರೆದರು, ಕಲಬುರಗಿಯ ದೊಡ್ಡ ಸಭೆಗೂ ಕರೆದರು. ನಾವೂ ಜೊತೆಗೆ ಹೋಗಬೇಕು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಮುಂದಿನ ಸಾಲಿನಲ್ಲಿ ಕೂರಬೇಕು. ಅವನ ಸಾಕ್ಷಿ ನನಗೆ ಬಾಯಿಪಾಠ. ಎಲ್ಲಿ ದನಿ ಇಳಿಯುತ್ತದೆ, ಎಲ್ಲಿ ದಸ್ತಿ ತೆಗೆದು ಕಣ್ಣು ಒರೆಸಿಕೊಳ್ಳುತ್ತಾನೆ, ಎಲ್ಲ ಗೊತ್ತು. ಕಡೆಗೆ, ಆ ಕತ್ತಲೆಯ ದಿನಗಳಲ್ಲಿ ನಾನು ಎಂಥ ಪಾಪಿ ಇದ್ದೆ ನೋಡಿರಿ ಎಂದು ಅವ್ವನನ್ನು ಏಳಿಸಿ ಅವಳ ಹಣೆಯ ಗಾಯ ತೋರಿಸುತ್ತಿದ್ದ. ಹುಬ್ಬಿನ ಮೇಲೆ ಹಾವಿನ ಮರಿಯಂತೆ ಉಬ್ಬಿಕೊಂಡಿದ್ದ ಕಲೆ. ಬಾಗಿಲು ಬಡಿದದ್ದಲ್ಲ ಎಂದು ನನಗೆ ತಿಳಿದದ್ದೇ ಅಲ್ಲಿ, ಇನ್ನೂರು ಜನರ ನಡುವೆ. ಜನ ಹಲ್ಲೆಲೂಯ ಎನ್ನುತ್ತಿದ್ದರು. ಅವ್ವ ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡು ಕೂತುಬಿಡುತ್ತಿದ್ದಳು. ಹೊಡೆದವನಿಗೆ ಹಾರ, ಹೊಡೆಸಿಕೊಂಡವಳು ಜಾತ್ರೆಯ ಗೊಂಬೆ. ಈಗ ನಾನು ಕಪನೂರ ಕಡೆ ಮಗನ ಮನೆಯಲ್ಲಿದ್ದೇನೆ. ಇಲ್ಲಿಯ ಸಭೆಯಲ್ಲೂ ಗಂಡಸರು ಮೈಕ್ ಹಿಡಿದು ಅದೇ ಸಾಕ್ಷಿ ಹೇಳುತ್ತಾರೆ, ಹುಡುಗರು ಮೊಬೈಲಿನಲ್ಲಿ ತೆಗೆದು ಊರಿಗೆಲ್ಲ ಕಳಿಸುತ್ತಾರೆ. ನಾನು ಮಾತಾಡುವವನ ಮುಖ ನೋಡುವುದಿಲ್ಲ. ಹೆಂಗಸರ ಸಾಲಿನಲ್ಲಿ ಅವನ ಹೆಂಡತಿ ಯಾರು ಎಂದು ಹುಡುಕುತ್ತೇನೆ. ಗುರುತು ಹಿಡಿಯುವುದು ಕಷ್ಟವಲ್ಲ.

ಕಲಬುರಗಿಗೆ ಹೊಸ ಪಾದ್ರಿ ಬಂದರು. ವಯಸ್ಸು ಸಣ್ಣದು, ಓದು ದೊಡ್ಡದು. ಮೊದಲ ಭಾನುವಾರದ ಪ್ರಸಂಗ ನನಗೆ ನೆನಪಿದೆ, ಯಾಕೆಂದರೆ ಅವ್ವ ಮುಂದಕ್ಕೆ ಬಾಗಿ ಕೇಳುತ್ತಿದ್ದಳು. ರಕ್ಷಣೆ ಎಂಬುದು ನಾವು ದುಡಿದು ಗಳಿಸುವುದಲ್ಲ, ದೇವರು ಪುಕ್ಕಟೆ ಕೊಡುವುದು ಎಂದರು. ನಾವು ಅವನನ್ನು ಹುಡುಕುವುದಲ್ಲ, ಅವನೇ ನಮ್ಮನ್ನು ಹುಡುಕಿ ತರುತ್ತಾನೆ ಎಂದರು. ಅವ್ವ ತಲೆ ಆಡಿಸಿದಳು. ಪಾಪದಲ್ಲಿ ಸತ್ತು ಬಿದ್ದವರನ್ನು ಅವನೇ ಎಬ್ಬಿಸುತ್ತಾನೆ ಎಂದರು. ಅದಕ್ಕೂ ಆಡಿಸಿದಳು. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಸತ್ತವನು ಎದ್ದರೆ ಎದ್ದ ಗಳಿಗೆ ಅವನಿಗೆ ಗೊತ್ತಿರಲೇಬೇಕು, ಗೊತ್ತಿಲ್ಲವೆಂದರೆ ಅವನು ಇನ್ನೂ ಎದ್ದಿಲ್ಲ ಎಂದರು. ಇನ್ನು ಮುಂದೆ ಪ್ರಭುಭೋಜನಕ್ಕೆ ಬರುವವರು ಮೊದಲು ಸಭೆಯ ಮುಂದೆ ನಿಂತು ತಮಗೆ ರಕ್ಷಣೆಯಾದ ದಿನ ಯಾವುದೆಂದು ಹೇಳಬೇಕು, ಉಪದೇಶಿ ಬರೆದುಕೊಳ್ಳುತ್ತಾನೆ, ಹೇಳದವರಿಗೆ ರೊಟ್ಟಿ ಇಲ್ಲ. ನಾನು ಓದಿದವಳಲ್ಲ. ಆದರೆ ಪುಕ್ಕಟೆ ಎಂದವರು ಬಾಗಿಲಲ್ಲಿ ನಿಂತು ಚೀಟಿ ಕೇಳಿದರೆ ಅದು ಪುಕ್ಕಟೆ ಹೇಗೆ ಎಂದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಓಣಿಯ ಹೆಂಗಸರು ದಿನ ಹುಡುಕತೊಡಗಿದರು. ಒಬ್ಬಳು ಮಗ ಹುಟ್ಟಿದ ದಿನ ಹೇಳಿದಳು. ಒಬ್ಬಳು ಕಾಲರಾ ಬಿಟ್ಟ ದಿನ ಹೇಳಿದಳು. ಮೂಲೆಮನೆಯ ಸುಂದ್ರವ್ವ ಮಾತ್ರ, ಬಂದೇ ನವಾಜರ ಉರುಸಿನ ದಿನ ಎಂದುಬಿಟ್ಟಳು. ಪ್ರತಿ ವರ್ಷ ಕಲಬುರಗಿಯ ಆ ದರ್ಗಾ ಇರುವ ರೋಜಾದಲ್ಲಿ ಬಾಳೆಹಣ್ಣು ಮಾರಲು ಹೋಗುತ್ತಿದ್ದಳು, ಅವಳಿಗೆ ಬಾಯಿಗೆ ಬರುತ್ತಿದ್ದ ತಾರೀಖು ಅದೊಂದೇ. ಗಂಡಸರು ಬಾಯಿಗೆ ಟವೆಲು ಹಿಡಿದು ನಕ್ಕರು. ಸಮುವೇಲಪ್ಪ ಮುಖ ಗಂಟು ಹಾಕಿಕೊಂಡು ಅದನ್ನೂ ಬರೆದುಕೊಂಡ, ಅವಳಿಗೆ ರೊಟ್ಟಿ ಸಿಕ್ಕಿತು. ಪಕ್ಕದ ಮನೆಯ ಖಾಜಾಬಿಗೆ ಈ ಸುದ್ದಿ ಹೇಳಿದಾಗ ಅವಳು ಬಳೆಯ ಮಲಾರ ಕೆಳಗಿಟ್ಟು ಬಹಳ ಹೊತ್ತು ನಕ್ಕಳು. ಅವ್ವ ನಗಲಿಲ್ಲ. ಇರುವುದನ್ನು ಇದ್ದ ಹಾಗೆ ಹೇಳಬೇಕು ಎಂಬ ಹುಚ್ಚು ಅವಳಿಗೆ. ಅವಳ ಸರದಿ ಮುಂದಿನ ತಿಂಗಳಿಗೆ ಬಂತು.

ಅದರ ಹಿಂದಿನ ಸಂಜೆ ರೊಟ್ಟಿ ಮಾಡಿಟ್ಟು ನಮಗೆಲ್ಲ ಉಣ್ಣಲು ಹಾಕಿದ್ದಳು. ಹುಳಿ ಪುಂಡಿಪಲ್ಯೆ, ಶೇಂಗಾ ಹಿಂಡಿ. ನಾಳೆ ಏನು ಹೇಳುತ್ತೀ ಎಂದು ಅಪ್ಪ ಕೇಳಿದ. ಗೊತ್ತಿಲ್ಲ ಎಂದಳು. ಅಪ್ಪನಿಗೆ ನಾಚಿಕೆಯ ಚಿಂತೆ. ಅಷ್ಟು ಊರಿಗೆ ಸಾಕ್ಷಿ ಹೇಳಿದವನ ಹೆಂಡತಿ ಹಿಂದೆ ಕೂತರೆ ಜನ ಏನೆಂದಾರು.

"ನನ್ನ ತಾರೀಖೇ ಹೇಳು," ಅಂದ. "ಗಂಡ ಹೆಣ್ತಿಗಿ ಒಂದೇ ದಿನ ಆಯ್ತಂದ್ರ ಅಯ್ಯನೋರಿಗೂ ಛಲೋ ಅನಸ್ತದ."

"ನೀವು ಆ ದಿನ ಕೂಟದಾಗ ಇದ್ರಿ. ನಾ ಎಲ್ಲಿದ್ದೆ, ನೆನಪದೇನ್ರಿ?"

"ಮನ್ಯಾಗ ಇದ್ದಿ."

"ಮನ್ಯಾಗ ಎಲ್ಲಿ?"

ಅಪ್ಪ ಹಿಂಡಿಗೆ ಕೈ ಹಾಕಿದ. ಅವ್ವ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು.

"ಈಗ ನೀವು ಕೂತೀರಲ್ಲ, ಅಲ್ಲೇ ಬಿದ್ದಿದ್ದೆ. ಬುತ್ತಿ ತಡ ಆಯ್ತಂತ ಮುಂಜಾನಿ ತಂಬಿಗಿ ಒಗದು ಹಣಿ ಒಡದು ಹೋದ್ರಿ. ಸಂಜಿಕ ನಿಮಗ ದೇವರು ಸಿಕ್ಕ. ನನಗ ಖಾಜಾಬಿ ಸಿಕ್ಕಳು, ಅರಿಶಿಣ ಮೆತ್ತಿ ಅರಿಬಿ ಕಟ್ಟಿದಳು. ಆ ತಾರೀಖು ನೀವೇ ಇಟ್ಕೋರಿ. ನನಗ ಕೊಡಬ್ಯಾಡ್ರಿ."

ಅಪ್ಪನ ಕೈ ತಾಟಿನಲ್ಲೇ ನಿಂತಿತು. ಎದ್ದು ಹೊರಗೆ ಹೋಗಿ ಕೈ ತೊಳೆದ, ಬಹಳ ಹೊತ್ತು ಒಳಗೆ ಬರಲಿಲ್ಲ. ಕತ್ತಲೆಯ ದಿನಗಳು ಕತ್ತಲೆಯ ದಿನಗಳು ಎಂದು ಅವನು ಹೇಳುವಾಗ, ಕೂಟಕ್ಕೆ ಮುಂಚಿನ ಯಾವುದೋ ದಿನದ ಮಾತೆಂದು ತಿಳಿದಿದ್ದೆ. ಕತ್ತಲೆಯೂ ಬೆಳಕೂ ಒಂದೇ ದಿನದ್ದು. ದೇವರು ಅಂದು ಕಲಬುರಗಿಯ ಮೈದಾನದಲ್ಲಿ ಅಪ್ಪನನ್ನು ಹುಡುಕಿ ಹಿಡಿದನಲ್ಲ, ಹುಡುಕುತ್ತ ಹೊರಟವನು ಕಮಲಾಪುರದ ಈ ಮಣ್ಣಿನ ನೆಲದ ಮೇಲೆ ಒಮ್ಮೆ ಕಣ್ಣು ಹಾಯಿಸಿ ಹೋಗಬಾರದಿತ್ತೇ? ಒಂಬತ್ತು ವರ್ಷದವಳಿಗೆ ಹುಟ್ಟಿದ ಪ್ರಶ್ನೆ ಇದು. ಆಮೇಲೆ ಎಷ್ಟೋ ಪಾದ್ರಿಗಳನ್ನು ಕೇಳಿದ್ದೇನೆ. ಒಬ್ಬರು ಬೈದರು, ಒಬ್ಬರು ಪ್ರಾರ್ಥನೆ ಮಾಡಿದರು.

ಮರುದಿನ ಅವ್ವನ ಹೆಸರು ಕರೆದರು. ಎದ್ದು ನಿಂತಳು. ಅಯ್ಯನವರು ಮೆತ್ತಗೆ, ಹೆದರಬೇಡಿ ತಾಯಿ, ದಿನ ಹೇಳಿ ಎಂದರು. ನೀರು ಹಾಕಿಸಿಕೊಂಡ ಕ್ರಿಸ್‌ಮಸ್ ಗೊತ್ತಿದೆ ಎಂದಳು. ಅದು ದೀಕ್ಷಾಸ್ನಾನದ ದಿನ, ನಾವು ಕೇಳುವುದು ದೇವರು ನಿಮ್ಮನ್ನು ತನ್ನ ಹತ್ತಿರ ತಂದ ದಿನ ಎಂದರು. ಗಂಡಸರ ಸಾಲಿನಲ್ಲಿ ಅಪ್ಪ ನೆಲ ನೋಡುತ್ತಿದ್ದ. ಅವ್ವ ಅವನ ಕಡೆ ಒಮ್ಮೆ ನೋಡಿದಳು. ಹೇಳಿಬಿಡುತ್ತಾಳೆ ಎಂದುಕೊಂಡೆ. ಹೇಳಲಿ ಎಂದೇ ಬಯಸಿದ್ದೆ.

"ಅವರಿಗಿ ದೇವರು ಒಂದೇ ದಿನದಾಗ ತಂದಾನ್ರಿ," ಅಂದಳು. "ನನಗ ದಿನಾ ತರಾಕತ್ತಾನ. ಇನ್ನಾ ಮುಟ್ಟಿಲ್ರಿ."

ಹಿಂದೆ ಯಾರೋ ನಕ್ಕರು. ಅಯ್ಯನವರು ತಲೆ ಎತ್ತಿ ಅವಳನ್ನೇ ನೋಡಿದರು. ಅವರಿಗೂ ಆ ಮಾತು ಒಂದು ಗಳಿಗೆ ತಾಗಿತೋ ಏನೋ, ನನಗೆ ಹಾಗನಿಸಿತು. ತಾಗಿದ್ದರೂ ಪ್ರಯೋಜನವಾಗಲಿಲ್ಲ. ಅಷ್ಟರಲ್ಲಿ ಸಮುವೇಲಪ್ಪ ಪುಸ್ತಕ ಮಡಚಿದ.

"ಹಾಂಗಾದ್ರ ಮುಟ್ಟಿದ ಮ್ಯಾಲ ಹೇಳು ರಾಹೇಲವ್ವ. ಅಲ್ಲೀತನ ಹಿಂದ ಕೂಡು."

"ರೊಟ್ಟಿ ಯಾರು ಮಾಡಬೇಕ್ರಿ?"

"ನೀನೇ ಮಾಡು. ರೊಟ್ಟಿ ಮಾಡಾಕ ತಾರೀಖು ಬೇಕಾಗಿಲ್ಲ."

ಅವಳ ಕೈಯ ರೊಟ್ಟಿ ದೇವರಿಗೆ ನಡೆಯುತ್ತದೆ, ಅವಳ ಬಾಯಿ ನಡೆಯುವುದಿಲ್ಲ. ಉರುಸಿನ ದಿನ ಹೇಳಿದವಳು ಮುಂದೆ, ನಿಜ ಹೇಳಿದವಳು ಚಪ್ಪಲಿಗಳ ಹತ್ತಿರ. ಅವ್ವ ಹಿಂದೆ ಹೋಗಿ ಕೂತಳು. ತಾನು ನಾದಿ ಸುಟ್ಟ ರೊಟ್ಟಿ ಕೈಯಿಂದ ಕೈಗೆ ಹೋಗಿ ಮುಗಿಯುವುದನ್ನು ನೋಡಿದಳು. ಮುಂದಿನ ತಿಂಗಳೂ ಮಾಡಿದಳು, ಅದರ ಮುಂದಿನ ತಿಂಗಳೂ ಮಾಡಿದಳು. ಅದೇ ಮಡಿ, ಅದೇ ಮೌನ. ನನಗೆ ಸಮುವೇಲಪ್ಪನಿಗಿಂತ ಅವಳ ಮೇಲೆಯೇ ಸಿಟ್ಟು ಬರತೊಡಗಿತು. ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೇಳಿಯೇ ಬಿಟ್ಟೆ, ಅಪ್ಪ ಅಂದು ಮಾಡಿದ್ದನ್ನು ಎಲ್ಲರ ಮುಂದೆ ಯಾಕೆ ಹೇಳಲಿಲ್ಲ ಎಂದು. ಹೇಳಿದ್ದರೆ ಅವನ ಸಾಕ್ಷಿ ಅಲ್ಲಿಗೇ ಮುಗಿಯುತ್ತಿತ್ತು.

"ಅದಕ್ಕೇ ಹೇಳಲಿಲ್ಲ," ಅಂದಳು. "ಒಬ್ಬರ ಕೈಯಾಗಿಂದು ಕಸಗೊಂಡು ನಾ ತಿನ್ನಲೇನು?"

ನನಗೆ ಈ ಉತ್ತರ ಸೇರಲಿಲ್ಲ. ಇವತ್ತಿಗೂ ಪೂರ್ತಿ ಸೇರಿಲ್ಲ.

ನಾಲ್ಕನೆಯದೋ ಐದನೆಯದೋ ತಿಂಗಳು. ಭಾನುವಾರ ಮುಂಜಾನೆ ರೊಟ್ಟಿಯ ತಾಟು ಒಯ್ಯಲು ನಾನು ತಯಾರಾಗಿ ನಿಂತಿದ್ದೆ, ಯಾವಾಗಲೂ ಒಯ್ಯುವವಳು ನಾನೇ. ಅಪ್ಪ ಆಗಲೇ ಹೋಗಿದ್ದ. ಅವ್ವ ತಾಟಿಗೆ ಬಿಳಿ ಅರಿಬಿ ಮುಚ್ಚಲು ಹೋದವಳು ನಿಂತಳು. ಮೋಶೆಯನ್ನು ಒಳಗೆ ಕರೆದಳು. ಮೇಲಿನ ರೊಟ್ಟಿಯನ್ನು ಎತ್ತಿ ಮುರಿದಳು. ನನ್ನ ಅಂಗೈಯಲ್ಲಿ ಒಂದು ಚೂರು, ಅವನ ಅಂಗೈಯಲ್ಲಿ ಒಂದು ಚೂರು, ತನಗೊಂದು. ಕಣ್ಣು ಮುಚ್ಚಿ ಏನೋ ಹೇಳಿಕೊಂಡಳು, ನಮಗೆ ಕೇಳಿಸಲಿಲ್ಲ. ಒಲೆಯ ಮುಂದೆ ನಿಂತುಕೊಂಡೇ ಮೂವರೂ ತಿಂದೆವು. ಉಪ್ಪಿಲ್ಲದ ಸಪ್ಪೆ ರೊಟ್ಟಿ. ಇಷ್ಟಕ್ಕಾಗಿ ಅಷ್ಟು ದಿನ ಅತ್ತೆನೇ ಎಂಬಂತೆ ಮೋಶೆ ನನ್ನ ಮುಖ ನೋಡಿದ. ಅವ್ವ ಉಳಿದ ಅರ್ಧವನ್ನು ತಾಟಿನಲ್ಲೇ ಇಟ್ಟು, ಅರಿಬಿ ಮುಚ್ಚಿ, ಒಯ್ಯಿ ಎಂದಳು. ಕೇಳಿದರೆ ಏನು ಹೇಳಲಿ ಎಂದೆ. ಇದ್ದದ್ದು ಹೇಳು ಎಂದಳು. ತಾನು ಬರಲಿಲ್ಲ.

ಸಮುವೇಲಪ್ಪ ಅರಿಬಿ ಎತ್ತಿ ನೋಡಿದ. ಇಲಿ ತಿಂದಾವೇನು ಎಂದು ಕೇಳಿದ. ಸಭೆಯೆಲ್ಲ ನನ್ನ ಕಡೆ ತಿರುಗಿತ್ತು.

"ಇಲಿ ಅಲ್ರಿ. ಅವ್ವ ಮುರದಾಳ. ನಾವು ಮೂವರು ತಿಂದೀವಿ."

ಅಯ್ಯನವರ ಮುಖ ಕೆಂಪಾಯಿತು. ಗಂಡಸರು ಗುಸುಗುಸು ಮಾಡಿದರು. ಕಡೆಗೆ ಈ ರೊಟ್ಟಿ ನಡೆಯುವುದಿಲ್ಲ ಎಂದು ತೀರ್ಮಾನವಾಯಿತು, ಬಸ್ ನಿಲ್ದಾಣದ ಹತ್ತಿರದ ಬೇಕರಿಯಿಂದ ಪಾವ್ ತರಲು ಕಳಿಸಿದರು. ಕಳಿಸಿದ್ದು ಯಾರನ್ನು? ಅಪ್ಪನನ್ನು. ಅಪ್ಪ ಹೋಗಿ ಪೇಪರಿನಲ್ಲಿ ಸುತ್ತಿದ ಪಾವ್ ಹಿಡಿದು ನಮ್ಮ ಮನೆಯ ಮುಂದೆಯೇ ದಾಪುಗಾಲು ಹಾಕಿ ಬಂದ. ಅವ್ವ ಬಾಗಿಲಲ್ಲಿ ನಿಂತಿದ್ದಳಂತೆ. ಅಂದಿನಿಂದ ನಮ್ಮ ಸಭೆಯಲ್ಲಿ ಬೇಕರಿಯ ಪಾವ್ ಬಂತು. ಅವ್ವ ಮತ್ತೆ ಹೋಗತೊಡಗಿದಳು, ಸಾಯುವವರೆಗೂ ಹಿಂದಿನ ಸಾಲಿನಲ್ಲೇ ಕೂತಳು. ಬಾ ಮುಂದೆ ಎಂದು ಒಬ್ಬರೂ ಕರೆಯಲಿಲ್ಲ. ದಿನ ಬರೆದುಕೊಂಡ ಆ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಏನಿತ್ತೋ ನಾನು ನೋಡಲು ಹೋಗಲಿಲ್ಲ.

ಆ ಮಧ್ಯಾಹ್ನ ನಾನು ತಾಟನ್ನು ಹಾಗೆಯೇ ತಿರುಗಿ ತಂದೆ. ಸ್ವಲ್ಪ ಹೊತ್ತಿಗೆ ಅಪ್ಪ ಬಂದ. ಇಂದು ಮತ್ತೆ ಕೈ ಎತ್ತುತ್ತಾನೆ ಎಂದು ನಾನು ಮೋಶೆಯನ್ನು ಹೊರಗೆ ಎಳೆದುಕೊಂಡು ನಿಂತೆ. ಅಪ್ಪ ಕೈಕಾಲು ತೊಳೆದು ಒಳಗೆ ಹೋಗಿ ಕೂತ. ಅವ್ವ ತಾಟಿಗೆ ಪಲ್ಯೆ ಹಾಕಿದಳು, ಹಿಂಡಿ ಹಾಕಿದಳು, ಆ ರೊಟ್ಟಿಯನ್ನು ಇಟ್ಟಳು.

"ಇದು ಅದೇ ರೊಟ್ಟಿ ಏನು?"

"ಹೂಂ. ಅದೇ."

"ಇದು ನಡಿಯಂಗಿಲ್ಲ ಅಂದಾರ ಅಯ್ಯನೋರು."

"ಅಲ್ಲಿ ನಡಿಯಂಗಿಲ್ಲ. ಇಲ್ಲಿ ನಡೀತದ. ಉಣ್ರಿ."

ಅಪ್ಪ ತಾಟನ್ನು ಹತ್ತಿರ ಎಳೆದುಕೊಂಡ. ಆಮೇಲೆ ಮುರಿದು ತಿಂದ. ಮುಗಿದ ಮೇಲೆ ತಲೆ ಎತ್ತದೆಯೇ ಇನ್ನೊಂದು ಕೇಳಿದ. ಅವ್ವ ಹಾಕಿದಳು. ಯಾವಾಗ ಬದಲಾದಿರಿ, ಬದಲಾದವರು ನನ್ನ ಹಣೆಗೆ ಏನು ಹೇಳುತ್ತೀರಿ ಎಂದು ಒಂದು ಮಾತು ಕೇಳಲಿಲ್ಲ. ನಾನಾಗಿದ್ದರೆ ಕೇಳದೆ ಹಾಕುತ್ತಿರಲಿಲ್ಲ.